ಟೋನಿ ವೈಲ್ಡಿಂಗ್ ಮತ್ತು 1914ರ ಬೇಸಗೆ

ತರಗತಿಯಲ್ಲಿ ಮೊದಲನೆಯ ಮಹಾಯುದ್ಧದ ಪಾಠಕ್ಕೆ ಬಂದಾಗಲೆಲ್ಲ ನನಗೆ ರಾಜರ, ಮಂತ್ರಿಗಳ, ಸಂಧಿಪತ್ರಗಳ ನೆನಪಿಗಿಂತ ಮೊದಲು ಒಬ್ಬ ಟೆನಿಸ್ ಆಟಗಾರನ ನೆನಪಾಗುತ್ತದೆ. ಪಠ್ಯಪುಸ್ತಕದಲ್ಲಿ ಆತನಿಗೆ ಸ್ಥಳವಿಲ್ಲ. ಆದರೂ ಯೂರೋಪು ಎಂತಹ ಮೈಮರೆವಿನಲ್ಲಿದ್ದಾಗ ಆ ಅನರ್ಥ ಬಂದೆರಗಿತೆಂಬುದನ್ನು ಆತನ ಕೊನೆಯ ಹತ್ತು ತಿಂಗಳುಗಳು ತಿಳಿಸಿದಷ್ಟು ಸ್ಪಷ್ಟವಾಗಿ ಬೇರಾವುದೂ ನನಗೆ ತಿಳಿಸಿಲ್ಲ.

ಆಂಟನಿ ಫ್ರೆಡೆರಿಕ್ ವೈಲ್ಡಿಂಗ್ 1883ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಹುಟ್ಟಿದ. ತಂದೆ ವಕೀಲ, ಮಗನೂ ಕೇಂಬ್ರಿಜ್ಜಿಗೆ ಹೋಗಿ ನ್ಯಾಯಶಾಸ್ತ್ರವನ್ನು ಓದಿದ. ಆದರೆ ಆತನನ್ನು ಕರೆದುದು ಆಟದ ಅಂಕಣ. 1910ರಿಂದ 1913ರವರೆಗೆ ನಾಲ್ಕು ವರ್ಷ ಸತತವಾಗಿ ವಿಂಬಲ್ಡನ್ನಿನ ಸಿಂಗಲ್ಸ್ ಪ್ರಶಸ್ತಿ ಆತನದಾಯಿತು. ಮೋಟಾರ್ ಸೈಕಲ್ಲಿನ ಹುಚ್ಚು ಬೇರೆ. ಇದೆಲ್ಲ ಸುಖಿಯಾದ ತರುಣನೊಬ್ಬನ ಕಥೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

1914ರ ಜೂನ್ 28ರಂದು ಸಾರಾಯೆವೋದಲ್ಲಿ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ವೈಲ್ಡಿಂಗ್ ವಿಂಬಲ್ಡನ್ನಿನಲ್ಲಿ ತನ್ನ ಗೆಳೆಯನಾದ ಆಸ್ಟ್ರೇಲಿಯದ ನಾರ್ಮನ್ ಬ್ರೂಕ್ಸನಿಗೆ ಸೋತ. ಅದೇ ಗೆಳೆಯನೊಡನೆ ಕೂಡಿ ಡಬಲ್ಸ್ ಗೆದ್ದ. ಸಾರಾಯೆವೋದ ಕಡೆಗೆ ಆಗ ಕಿವಿಗೊಟ್ಟವರು ವಿರಳ. ಇಬ್ಬರೂ ಡೇವಿಸ್ ಕಪ್ಪಿಗಾಗಿ ಅಮೆರಿಕಕ್ಕೆ ಹೊರಟರು. ಆ ಕಾಲದಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡುಗಳು ಆಸ್ಟ್ರಲೇಷ್ಯ ಎಂಬ ಒಂದೇ ಹೆಸರಿನಿಂದ ಆಡುತ್ತಿದ್ದುವು.

ಪಿಟ್ಸ್‌ಬರ್ಗಿನಲ್ಲಿ ಅವರಿಗೆ ಎದುರಾದವರು ಜರ್ಮನಿಯ ಒಟ್ಟೋ ಫ್ರೋಯಿಟ್ಸ್‌ಹೈಮ್ ಮತ್ತು ಆಸ್ಕರ್ ಕ್ರಾಯ್ಟ್ಸರ್. ಜುಲೈ ತಿಂಗಳ ಕೊನೆಯಲ್ಲಿ ಆರಂಭವಾದ ಆ ಪಂದ್ಯ ಮುಗಿಯುವ ವೇಳೆಗೆ, ಆಗಸ್ಟ್ 1ರಂದು, ಜರ್ಮನಿ ರಷ್ಯದ ಮೇಲೆ ಯುದ್ಧ ಸಾರಿತು. ಆಟ ಮುಗಿಯುವವರೆಗೆ ಯುದ್ಧದ ಸುದ್ದಿಯನ್ನು ವ್ಯವಸ್ಥಾಪಕರು ಆಟಗಾರರಿಗೆ ತಿಳಿಯಗೊಡಲಿಲ್ಲವೆಂದು ಹೇಳಿಕೆಯುಂಟು. ಇದನ್ನು ವಂಚನೆಯೆಂದು ಕರೆಯಲು ನನಗೆ ಮನಸ್ಸು ಬಾರದು. ಮದುವೆಮನೆಗೆ ಸಾವಿನ ಸುದ್ದಿ ಬಂದರೆ ಧಾರೆ ಮುಗಿಯುವವರೆಗೆ ಹಿರಿಯರು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವುದಿಲ್ಲವೆ? ಆಸ್ಟ್ರಲೇಷ್ಯ ಗೆದ್ದಿತು. ಜರ್ಮನರು ಊರಿಗೆ ಮರಳಲು ಹಡಗು ಹತ್ತಿದರು. ಜಿಬ್ರಾಲ್ಟರಿನಲ್ಲಿ ಬ್ರಿಟಿಷರು ಅವರನ್ನು ಹಡಗಿನಿಂದಿಳಿಸಿ ಸೆರೆಹಿಡಿದರು. ಮುಂದೆ ಇಂಗ್ಲೆಂಡಿನಲ್ಲಿ ಬಂಧನದಲ್ಲಿಟ್ಟರು. ಕೆಲವು ವಾರಗಳ ಹಿಂದಷ್ಟೇ ಅದೇ ಇಂಗ್ಲೆಂಡಿನ ಹುಲ್ಲಿನ ಮೇಲೆ ಫ್ರೋಯಿಟ್ಸ್‌ಹೈಮ್ ಬ್ರೂಕ್ಸನೊಡನೆ ಐದು ಸೆಟ್ಟುಗಳ ಕಾಲ ಹೋರಾಡಿದ್ದ.

ಆಗಸ್ಟ್ ನಡುವಿನಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ಅಮೆರಿಕದೊಡನೆ ಅಂತಿಮ ಸೆಣಸು. ಅಷ್ಟರಲ್ಲಿ ಬೆಲ್ಜಿಯಮ್ಮಿನೊಳಗೆ ಸೈನ್ಯಗಳು ನುಗ್ಗಿದ್ದುವು; ಬ್ರಿಟನ್ನಿನ ಪ್ರಜೆಯಾದ ವೈಲ್ಡಿಂಗನ ದೇಶವೂ ಯುದ್ಧದಲ್ಲಿತ್ತು. ಅಲ್ಲಿ ಬ್ರೂಕ್ಸನಿಗೂ ಮಕ್‌ಲಾಕ್ಲಿನ್ನನಿಗೂ ನಡೆದ ಮೊದಲ ಸೆಟ್ಟು 17-15ರವರೆಗೆ ಬೆಳೆಯಿತು. ವೈಲ್ಡಿಂಗ್ ಸೋಲಿಸಿದ ನಾರಿಸ್ ವಿಲಿಯಮ್ಸನಾದರೋ ಎರಡು ವರ್ಷ ಹಿಂದೆ ಟೈಟಾನಿಕ್ ಹಡಗಿನ ದುರಂತದಿಂದ ಪಾರಾಗಿ ಬಂದವನು! ಮೂರಕ್ಕೆ ಎರಡರಂತೆ ಕಪ್ ಆಸ್ಟ್ರಲೇಷ್ಯಕ್ಕೆ ಸಂದಿತು. ಆ ಬಳಿಕ 1919ರವರೆಗೆ ಯಾರೂ ಅದಕ್ಕಾಗಿ ಆಡಲಿಲ್ಲ.

ಗೆದ್ದವನು ನೇರವಾಗಿ ಯುದ್ಧಕ್ಕೆ ಸೇರಿದ. ಮೋಟಾರ್ ವಾಹನಗಳ ಮೇಲಿನ ಆತನ ಹುಚ್ಚು ಈಗ ಕವಚವಾಹನಗಳ ದಳದಲ್ಲಿ ಉಪಯೋಗಕ್ಕೆ ಬಂದಿತು. ಕ್ಯಾಪ್ಟನ್ ಹುದ್ದೆಯೂ ದೊರೆಯಿತು. 1915ರ ಮೇ 8ರಂದು ಬರೆದ ಪತ್ರದಲ್ಲಿ, ಕೈಗೊಂಡಿರುವ ಕೆಲಸದಿಂದ ತಾನೂ ತನ್ನ ಫಿರಂಗಿಯೂ ಉಳಿದು ಬರುವುದು ಸಂಶಯವೆಂದೂ, ಅದು ಕೈಗೂಡಿದರೆ ಕಾಲಾಳುಗಳಿಗೆ ದೊಡ್ಡ ನೆರವಾಗುವುದೆಂದೂ ಆತ ತಿಳಿಸಿದ. ಮರುದಿನ ಫ್ರಾನ್ಸಿನ ನವ್ ಶಪೆಲ್ ಬಳಿ ಆತನಿದ್ದ ನೆಲಗುಂಡಿಯ ಮೇಲೆ ಶತ್ರುವಿನ ಗುಂಡು ಬಿದ್ದು ಸಿಡಿಯಿತು. ವಯಸ್ಸು 31.

ಅದೇ ದಿನ ಅದೇ ಸೀಮೆಯಲ್ಲಿ ನಮ್ಮ ಮೀರತ್ ಡಿವಿಷನ್ನಿನ ಸಿಪಾಯಿಗಳೂ ಮಡಿದರು. ಅವರಲ್ಲಿ ಎಷ್ಟು ಮಂದಿಯ ಜೀವನವನ್ನು ಯಾರು ಬರೆದಾರು? ನವ್ ಶಪೆಲ್‌ನ ಸ್ಮಾರಕದ ಕಲ್ಲಿನಲ್ಲಿ ಭಾರತೀಯ ಯೋಧರ ಹೆಸರುಗಳಿವೆ, ಅಷ್ಟೆ.

ಸೆರೆಯಾದ ಫ್ರೋಯಿಟ್ಸ್‌ಹೈಮ್ ಬದುಕಿ ಉಳಿದ. ಯುದ್ಧ ಮುಗಿದಮೇಲೆ ಮರಳಿ ಅಂಕಣಕ್ಕಿಳಿದು, 1925ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಮತ್ತೊಮ್ಮೆ ಜರ್ಮನಿಯ ಚಾಂಪಿಯನ್ ಆದ. ಆತ ತೀರಿಕೊಂಡುದು 1962ರಲ್ಲಿ.