ಕೆ.ಇ.ಎಂ. ಆಸ್ಪತ್ರೆಯ ಪ್ರಥಮ ಡೀನ್ ಡಾ. ಜೀವರಾಜ್ ಮೆಹ್ತಾ

ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಮೆಟ್ಟಿಲು ಹತ್ತದ ಮುಂಬಯಿ ಕನ್ನಡಿಗರು ವಿರಳ. ಆದರೆ ಆ ಆಸ್ಪತ್ರೆ ಹಾಗೂ ಅಲ್ಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಪ್ರಥಮ ಡೀನ್ ಯಾರೆಂದು ಬಲ್ಲವರು ಕಡಿಮೆ. ಗುಜರಾತಿನ ಮೊದಲ ಮುಖ್ಯಮಂತ್ರಿಯಾಗಿ ಹೆಸರಾದ ಡಾ. ಜೀವರಾಜ್ ಮೆಹ್ತಾ ಅವರೇ ಆ ಮಹನೀಯರು.

1887ರ ಆಗಸ್ಟ್ 29ರಂದು ಬರೋಡಾ ಸಂಸ್ಥಾನದ ಅಮ್ರೇಲಿಯಲ್ಲಿ ಜನಿಸಿದ ಅವರು ಸಮಾಜದ ಟ್ರಸ್ಟೊಂದರ ನೆರವಿನಿಂದ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕಲಿತರು. ಬಳಿಕ ಟಾಟಾ ವಿದ್ಯಾರ್ಥಿವೇತನ ಪಡೆದು ಲಂಡನ್‌ಗೆ ತೆರಳಿ 1914ರಲ್ಲಿ ಎಂ.ಡಿ. ಆದರು. ಅಲ್ಲಿನ ಭಾರತೀಯ ವಿದ್ಯಾರ್ಥಿ ಸಂಘದ ಅಧ್ಯಕ್ಷರೂ ಆಗಿದ್ದರು. ನಾಲ್ಕು ಮಂದಿಯನ್ನು ಕೂಡಿಸಿಕೊಂಡು ಹೋಗುವುದು ಎಷ್ಟು ಕಷ್ಟವೆಂದು ಸಂಘ ನಡೆಸಿದವರಿಗೇ ಗೊತ್ತು. ವೈದ್ಯಕೀಯ ಪುಸ್ತಕಗಳಲ್ಲಿ ಇಲ್ಲದ ಈ ಪಾಠ ಅವರಿಗೆ ವಿದ್ಯಾರ್ಥಿ ದೆಸೆಯಲ್ಲೇ ದೊರೆಯಿತು. ಆ ದಿನಗಳಲ್ಲಿ ಲಂಡನ್‌ನಲ್ಲಿ ಅಸ್ವಸ್ಥರಾಗಿದ್ದ ಗಾಂಧೀಜಿಗೆ ಚಿಕಿತ್ಸೆ ನೀಡಿದವರೂ ಇವರೇ. ಹಾಲು ಸೇವಿಸುವಂತೆ ಎಷ್ಟು ಒತ್ತಾಯಿಸಿದರೂ ಗಾಂಧೀಜಿ ಜಗ್ಗಲಿಲ್ಲ.

ಆಗ ಸರಕಾರಿ ಮೆಡಿಕಲ್ ಕಾಲೇಜುಗಳ ಉನ್ನತ ಹುದ್ದೆಗಳು ಬಹುಮಟ್ಟಿಗೆ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಅಧಿಕಾರಿಗಳ ಪಾಲಾಗಿದ್ದವು. ಅವರಲ್ಲಿ ಹೆಚ್ಚಿನವರು ಆಂಗ್ಲರು. ನಮ್ಮವರು ಎಷ್ಟೇ ಕಲಿತರೂ ಅವರ ಕೈಕೆಳಗೇ ದುಡಿಯಬೇಕಿತ್ತು. ಆದ್ದರಿಂದಲೇ ಸೇಠ್ ಗೋರ್ಧನ್‌ದಾಸ್ ಸುಂದರ್‌ದಾಸ್ ಅವರ ಟ್ರಸ್ಟಿಗಳು ಕಾಲೇಜಿಗೆ ದೇಣಿಗೆ ನೀಡುವಾಗ ಷರತ್ತೊಂದನ್ನು ಹಾಕಿದರು. ಅಧ್ಯಾಪಕರೆಲ್ಲರೂ ಸರಕಾರಿ ಸೇವೆಯಲ್ಲಿಲ್ಲದ ಅರ್ಹ ಭಾರತೀಯರೇ ಆಗಿರಬೇಕು ಎಂಬುದೇ ಆ ಷರತ್ತು. ಕಾಲೇಜು ಸೋತಿದ್ದರೆ ಭಾರತೀಯರಿಗೆ ಆಡಳಿತ ಬಾರದೆಂಬ ಮಾತಿಗೆ ಪುಷ್ಟಿ ಸಿಗುತ್ತಿತ್ತು. 1925ರಲ್ಲಿ ಆ ಹೊಣೆ ಹೊತ್ತ ಮೆಹ್ತಾ 1942ರವರೆಗೆ, ಅಂದರೆ ಹದಿನೇಳು ವರ್ಷ ಅದನ್ನು ನಿಭಾಯಿಸಿದರು. ವಾರ್ಡಿನಲ್ಲೂ ಕಚೇರಿಯಲ್ಲೂ ನಿರ್ಧಾರ ಕೈಗೊಳ್ಳುವವರು ತಮ್ಮವರೇ ಎಂಬುದನ್ನು ವಿದ್ಯಾರ್ಥಿಗಳು ದಿನನಿತ್ಯ ಕಣ್ಣಾರೆ ಕಂಡರು. ನಾಯಕತ್ವಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಬೇರೇನಿದೆ? ವೈದ್ಯನು ಚಿಕಿತ್ಸಾ ತಂಡದ ನಾಯಕನೂ ಆಗಬೇಕೆಂದು ಎಂ.ಬಿ.ಬಿ.ಎಸ್. ಪಠ್ಯಕ್ರಮ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಆ ಪಠ್ಯಕ್ರಮ ಜಾರಿಗೆ ಬಂದದ್ದು 2019ರಲ್ಲಿ!

1942ರಲ್ಲಿ ಅವರು ಜೈಲು ಸೇರಿದರು. ಸ್ವಾತಂತ್ರ್ಯಾನಂತರ ಬರೋಡಾದ ದಿವಾನರಾಗಿ, ಮುಂಬಯಿ ರಾಜ್ಯದ ಸಚಿವರಾಗಿ ಸೇವೆ ಸಲ್ಲಿಸಿದರು. 1960ರ ಮೇ 1ರಂದು ಮಹಾರಾಷ್ಟ್ರ, ಗುಜರಾತ್ ಬೇರೆಯಾದಾಗ ಗುಜರಾತಿನ ಮುಖ್ಯಮಂತ್ರಿಯಾದರು. 1963ರಿಂದ ಬ್ರಿಟನ್‌ನಲ್ಲಿ ಭಾರತದ ಹೈಕಮಿಷನರ್ ಆಗಿ, ತಾವು ವಿದ್ಯಾರ್ಥಿ ಸಂಘದ ಅಧ್ಯಕ್ಷರಾಗಿದ್ದ ಲಂಡನ್ ನಗರಕ್ಕೇ ಮರಳಿದರು. ಪತ್ನಿ ಹಂಸಾ ಮೆಹ್ತಾ ಅವರೂ ಸಂವಿಧಾನ ರಚನಾ ಸಭೆಯ ಸದಸ್ಯೆಯಾಗಿದ್ದರು. 1978ರ ನವೆಂಬರ್ 7ರಂದು ಡಾ. ಮೆಹ್ತಾ ನಿಧನರಾದರು.