ಶುದ್ಧಿಕ್ರಿಯೆಯನ್ನು ಒರೆಗೆ ಹಚ್ಚಿದ ಸಾಧಕರು

ಕಲ್ಯಾಣದಿಂದ ಕರ್ಜತ್ ದಾಟಿ ಘಟ್ಟವೇರಿದರೆ ಲೋಣಾವಳ. ಅಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರನ್ನು ನಮ್ಮ ಹೋಟೆಲು ಬಾಂಧವರು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಜಗನ್ನಾಥ ಗಣೇಶ ಗುಣೆ ಎಂಬುದು ಅವರ ಮೊದಲ ಹೆಸರು. 1883ರ ಆಗಸ್ಟ್ 30ರಂದು ಗುಜರಾತಿನ ಡಭೋಯಿಯಲ್ಲಿ ಜನಿಸಿದರು. ಬಡೋದೆಯ ಮಾಣಿಕರಾಯರಿಂದ ವ್ಯಾಯಾಮವನ್ನೂ ಮಾಲ್ಸರದ ಮಾಧವದಾಸರಿಂದ ಯೋಗವನ್ನೂ ಕಲಿತರು. ಗುರುವಾಕ್ಯವೆಂದು ಸುಮ್ಮನಿರದೆ, ಶುದ್ಧಿಕ್ರಿಯೆಗಳನ್ನು ಕ್ಷಕಿರಣ, ಒತ್ತಡಮಾಪಕಗಳಿಂದ ಪರೀಕ್ಷಿಸಿದರು. ನೌಲಿಯಲ್ಲಿ ದೊಡ್ಡ ಕರುಳಿನೊಳಗಿನ ಒತ್ತಡ ಕುಗ್ಗುವುದೆಂದೂ, ಬಸ್ತಿಯಲ್ಲಿ ನೀರು ಮೇಲೇರಲು ಅದೇ ಕಾರಣವೆಂದೂ ತೋರಿಸಿ, ‘ಯೋಗ ಮೀಮಾಂಸಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. 1966ರ ಏಪ್ರಿಲ್ 18ರಂದು ಕಾಲವಶರಾದರು.

ಕರುಳು ತೊಳೆಯುವುದು ಬೇರೆ, ಹುಳು ಕಳೆಯುವುದು ಬೇರೆ. ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿದು, ಹೊಟ್ಟೆ ಶುದ್ಧವಾಯಿತೆಂದು ನಂಬುವವರು ಠಾಣೆ, ಡೊಂಬಿವಲಿಗಳಲ್ಲಿಯೂ ಉಂಟು. ಕೊಕ್ಕೆಹುಳುವಾದರೋ ಸಣ್ಣ ಕರುಳಿನ ಗೋಡೆಯನ್ನು ಕಚ್ಚಿ ರಕ್ತ ಹೀರುವುದು. ಭೇದಿಗೆ ಅದು ಜಗ್ಗದು. ರಕ್ತ ಕುಂದಿದವನು ಬೆಳಗಿನ ಜಾವದಲ್ಲಿ ಒಲೆಯ ಮುಂದೆ ನಿಂತು ಬಳಲುವನು; ಸೋಮಾರಿಯೆಂದು ಬೈಗುಳ ತಿನ್ನುವನು. ಮಲಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಂತೆ ಆಲ್ಬೆಂಡಜೋಲ್ ಮಾತ್ರೆ ನುಂಗುವುದೇ ಸರಿಯಾದ ದಾರಿ. ಬಯಲಿನಲ್ಲಿ ಬರಿಗಾಲಲ್ಲಿ ನಡೆಯದಿರುವುದೂ ಅಷ್ಟೇ ಅಗತ್ಯ. ದುಂಡುಹುಳುವಿನ ಮೊಟ್ಟೆಯಾದರೋ ಬಾಯಿಯ ಮೂಲಕ ಒಳಸೇರುವುದು. ಆದಕಾರಣ ಶೌಚದ ನಂತರ ಸಾಬೂನಿನಿಂದ ಕೈ ತೊಳೆಯದೆ ಹಿಟ್ಟನ್ನಾಗಲಿ ಚಟ್ನಿಯನ್ನಾಗಲಿ ಮುಟ್ಟಲಾಗದು. ಗಿರಾಕಿಯ ಹೊಟ್ಟೆಯೂ ನಮ್ಮ ಕೈಯಲ್ಲಿದೆ.

ಪರೀಕ್ಷಿಸದೆ ಯಾವುದನ್ನೂ ನಂಬದ ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.