ಮನೆಯ ಪಡಸಾಲೆಯಲ್ಲಿ ಗಣಕಯಂತ್ರ ಕಟ್ಟಿದ ಕೊನ್ರಾಡ್ ಝೂಸೆ

ಬಿಡಿಭಾಗಗಳನ್ನು ತಂದು ಮನೆಯಲ್ಲೇ ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿಕೊಳ್ಳುವುದು ಇಂದು ಆಸಕ್ತರೆಲ್ಲರಿಗೂ ಸಾಧ್ಯವಾಗುವ ಕೆಲಸ. ಮದರ್‌ಬೋರ್ಡ್, ಪ್ರೊಸೆಸರ್, ಮೆಮೊರಿ, ಪವರ್ ಸಪ್ಲೈ ಎಲ್ಲವೂ ಅಂಗಡಿಯಲ್ಲಿ ದೊರೆಯುತ್ತವೆ. ಯಾವುದನ್ನು ಎಲ್ಲಿ ಕೂರಿಸಬೇಕೆಂಬುದನ್ನು ಅರಿತರೆ ಒಂದು ದಿನದೊಳಗೆ ಯಂತ್ರ ಸಿದ್ಧ. ಆದರೆ ಬಿಡಿಭಾಗಗಳೆಂಬುವೇ ಇಲ್ಲದ ಕಾಲದಲ್ಲಿ, ಮಾರ್ಗದರ್ಶನ ನೀಡುವ ಗುರುವಾಗಲಿ ಗ್ರಂಥವಾಗಲಿ ಇಲ್ಲದೆ, ತಂದೆ-ತಾಯಿಯರ ಮನೆಯ ಪಡಸಾಲೆಯಲ್ಲೇ ಕುಳಿತು ಗಣಕಯಂತ್ರವೊಂದನ್ನು ಕಟ್ಟಿದ ತರುಣನೊಬ್ಬನಿದ್ದ. ಜರ್ಮನಿಯ ಕೊನ್ರಾಡ್ ಝೂಸೆ ಆತನ ಹೆಸರು. ಮುಂದೆ ಜಗತ್ತು ಅವರನ್ನು ಆಧುನಿಕ ಗಣಕದ ಜನಕರಲ್ಲಿ ಒಬ್ಬರೆಂದು ಗೌರವಿಸಿತು. ಆ ಗೌರವ ದೊರೆಯಲು ಮಾತ್ರ ಬಹುಕಾಲ ಹಿಡಿಯಿತು.

ಬಾಲ್ಯ, ವಿದ್ಯಾಭ್ಯಾಸ

ಝೂಸೆ ಅವರು ಜನಿಸಿದ್ದು 1910ರ ಜೂನ್ 22ರಂದು, ಬರ್ಲಿನ್ನಿನಲ್ಲಿ. ತಂದೆ ಎಮಿಲ್ ಝೂಸೆ ಅಂಚೆ ಇಲಾಖೆಯ ನೌಕರರು. ತಂದೆಯ ಉದ್ಯೋಗದ ಕಾರಣ ಕುಟುಂಬವು ಮೊದಲು ಪೂರ್ವ ಪ್ರಷ್ಯದ ಬ್ರೌನ್ಸ್‌ಬರ್ಗ್‌ಗೆ, ನಂತರ ಹೊಯರ್ಸ್‌ವೆರ್ಡಾ ಪಟ್ಟಣಕ್ಕೆ ಹೋಗಿ ನೆಲೆಸಿತು. ಬ್ರೌನ್ಸ್‌ಬರ್ಗ್ ಇಂದು ಪೋಲೆಂಡಿಗೆ ಸೇರಿದೆ. ಚಿತ್ರ ಬರೆಯುವುದರಲ್ಲೂ ಯಂತ್ರಗಳನ್ನು ಕಲ್ಪಿಸುವುದರಲ್ಲೂ ಬಾಲಕನಿಗೆ ಸಮಾನ ಆಸಕ್ತಿ. 1928ರಲ್ಲಿ ಶಾಲಾ ಶಿಕ್ಷಣ ಮುಗಿಸಿ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯವನ್ನು ಸೇರಿದ ಝೂಸೆ, ಯಂತ್ರಶಾಸ್ತ್ರ ಹಿಡಿದು ಬಿಟ್ಟರು. ವಾಸ್ತುಶಿಲ್ಪ ಹಿಡಿದು ಅದನ್ನೂ ಬಿಟ್ಟರು. ಕಡೆಗೆ ಸಿವಿಲ್ ಎಂಜಿನಿಯರಿಂಗ್ ಆರಿಸಿಕೊಂಡು 1935ರಲ್ಲಿ ಪದವಿ ಪಡೆದರು.

ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಈ ಕಡೆಯ ವಿಷಯವೇ. ಒಂದು ಸೇತುವೆಯೋ ಚಾವಣಿಯೋ ಹೊರೆಯನ್ನು ತಾಳಬಲ್ಲುದೇ ಎಂದು ತಿಳಿಯಲು ಹತ್ತಾರು ಸಮೀಕರಣಗಳನ್ನು ಏಕಕಾಲಕ್ಕೆ ಬಿಡಿಸಬೇಕು. ಅದನ್ನೆಲ್ಲ ಅಂದಿನ ಎಂಜಿನಿಯರುಗಳು ಕೈಯಿಂದ ಮಾಡುತ್ತಿದ್ದರು. ಒಂದೆಡೆ ತಪ್ಪಿದರೆ ಪುಟಗಟ್ಟಲೆ ಲೆಕ್ಕ ವ್ಯರ್ಥ. ಈ ಬೇಸರದ ದುಡಿಮೆಯಲ್ಲಿ ಝೂಸೆ ಒಂದು ಅಂಶವನ್ನು ಗುರುತಿಸಿದರು. ಅಂಕಿಗಳು ಬದಲಾದರೂ ಲೆಕ್ಕದ ಕ್ರಮ ಬದಲಾಗುವುದಿಲ್ಲ. ಈ ಅಂಕಿಯನ್ನು ಆ ಅಂಕಿಯಿಂದ ಗುಣಿಸು, ಬಂದುದನ್ನು ಇಲ್ಲಿ ಬರೆದಿಡು, ಮುಂದಿನದಕ್ಕೆ ಕೂಡು ಎಂಬ ಆಜ್ಞೆಗಳ ಸರಣಿಯಷ್ಟೇ ಅದು. ಹಾಗಿದ್ದ ಮೇಲೆ ಆ ಸರಣಿಯನ್ನು ಒಮ್ಮೆ ಬರೆದುಕೊಟ್ಟರೆ ಯಂತ್ರವೇ ಅದನ್ನು ಪಾಲಿಸಬಾರದೇಕೆ? ಒಂದು ಶತಮಾನದ ಹಿಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಇದೇ ಪ್ರಶ್ನೆಯನ್ನು ಕೇಳಿಕೊಂಡಿದ್ದರೆಂಬುದು ಆಗ ಝೂಸೆ ಅವರಿಗೆ ಗೊತ್ತಿರಲಿಲ್ಲ.

ಕಾರ್ಯಾಗಾರವಾದ ಮನೆ

ಪದವಿಯ ಬಳಿಕ ಅವರು ಬರ್ಲಿನ್ ಸಮೀಪದ ಷೋನೆಫೆಲ್ಡ್‌ನಲ್ಲಿದ್ದ ಹೆನ್ಷೆಲ್ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಯೂ ಅದೇ ಲೆಕ್ಕ. ಒಂದು ವರ್ಷ ತುಂಬುವುದರೊಳಗೆ, 1936ರಲ್ಲಿ, ಕೆಲಸ ತ್ಯಜಿಸಿ ಮನೆಗೆ ಮರಳಿದರು. ಲೆಕ್ಕ ಮಾಡುವ ಯಂತ್ರವನ್ನು ಕಟ್ಟುತ್ತೇನೆಂಬುದೇ ಅವರು ಕೊಟ್ಟ ಕಾರಣ. ಓದಿಸಿದ ಮಗ ಸಂಬಳದ ಕೆಲಸ ಬಿಟ್ಟು ಮನೆಯಲ್ಲಿ ತಗಡು ಕತ್ತರಿಸುತ್ತ ಕೂರುವುದು ಯಾವ ತಂದೆ-ತಾಯಿಗೂ ಸುಲಭವಾಗಿ ಒಪ್ಪಿತವಾಗುವ ಸಂಗತಿಯಲ್ಲ. ಆದರೂ ಅವರು ಮನೆಯ ದೊಡ್ಡ ಕೋಣೆಯನ್ನೇ ಮಗನಿಗೆ ಬಿಟ್ಟುಕೊಟ್ಟರು. ತಂದೆ, ತಾಯಿ, ಸೋದರಿ ಮೂವರೂ ಕೈಲಾದ ಹಣ ನೀಡಿದರು. ಕಾಲೇಜಿನ ಗೆಳೆಯರು ಸಂಜೆ ಬಂದು ಸಣ್ಣ ಗರಗಸ ಹಿಡಿದು ತಗಡು ಕತ್ತರಿಸಿಕೊಟ್ಟರು. ಲೆಕ್ಕದ ಯಂತ್ರಗಳ ತಯಾರಕರಾಗಿದ್ದ ಕುರ್ಟ್ ಪಾನ್ಕೆ ಎಂಬುವರೂ ನೆರವಿಗೆ ಬಂದರು.

ಎರಡು ವರ್ಷಗಳ ಶ್ರಮದ ಫಲವಾಗಿ 1938ರಲ್ಲಿ ಸಿದ್ಧವಾದ ಯಂತ್ರವೇ ಝೆಡ್-1. ಸುಮಾರು ಒಂದು ಟನ್ ತೂಕ, ಸಾವಿರಾರು ಬಿಡಿಭಾಗಗಳು. ಇದರ ರಚನೆಯಲ್ಲಿ ಝೂಸೆ ಕೈಗೊಂಡ ತೀರ್ಮಾನಗಳು ಗಮನಾರ್ಹ. ಅಂದಿನ ಲೆಕ್ಕದ ಯಂತ್ರಗಳೆಲ್ಲ ಹತ್ತು ಹಲ್ಲುಗಳ ಚಕ್ರಗಳಿಂದ ದಶಮಾನ ಪದ್ಧತಿಯಲ್ಲಿ ನಡೆಯುತ್ತಿದ್ದವು. ಝೂಸೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯನ್ನು ಆರಿಸಿಕೊಂಡರು. ಚಕ್ರದ ಹತ್ತು ಸ್ಥಾನಗಳನ್ನು ನಿಖರವಾಗಿ ಕೆತ್ತುವುದು ಕುಶಲ ಕಾರ್ಖಾನೆಯ ಕೆಲಸ. ಎಡಕ್ಕೋ ಬಲಕ್ಕೋ ಸರಿಯುವ ತಗಡನ್ನು ಮಾತ್ರ ಮನೆಯಲ್ಲಿಯೂ ಮಾಡಬಹುದು. ಒಂದರ ಮೇಲೊಂದರಂತೆ ಜೋಡಿಸಿದ ತೆಳು ತಗಡುಗಳು, ಅವುಗಳ ಸೀಳಿನಲ್ಲಿ ಒಂದು ಕಡ್ಡಿ. ಮೊದಲ ತಗಡನ್ನು ಎಳೆದಾಗ, ನಡುವಿನ ತಗಡು ಯಾವ ಸ್ಥಾನದಲ್ಲಿದೆ ಎಂಬುದನ್ನು ಅವಲಂಬಿಸಿ, ಚಲನೆ ಮೂರನೆಯದಕ್ಕೆ ಮುಟ್ಟುತ್ತದೆ ಅಥವಾ ಮುಟ್ಟದೆ ನಿಲ್ಲುತ್ತದೆ. ಇಂದಿನ ಟ್ರಾನ್ಸಿಸ್ಟರ್ ಮಾಡುವ ಕೆಲಸವನ್ನೇ ಅಲ್ಲಿ ತಗಡು ಮಾಡುತ್ತಿತ್ತು.

ಇಂದಿನ ಡೆಸ್ಕ್‌ಟಾಪಿನ ಅಂಗಗಳೆಲ್ಲ ಬೀಜರೂಪದಲ್ಲಿ ಆ ಯಂತ್ರದಲ್ಲಿದ್ದವು. ಲೆಕ್ಕ ಮಾಡುವ ಭಾಗ ಬೇರೆ, ಅಂಕಿಗಳನ್ನು ಕಾಪಿಡುವ ಸ್ಮೃತಿಭಾಗ ಬೇರೆ, ಎರಡನ್ನೂ ಆಳುವ ನಿಯಂತ್ರಣ ಭಾಗ ಬೇರೆ. ಅತಿ ದೊಡ್ಡ ಮತ್ತು ಅತಿ ಚಿಕ್ಕ ಸಂಖ್ಯೆಗಳನ್ನು ಒಂದೇ ಬಗೆಯಲ್ಲಿ ನಿರ್ವಹಿಸುವ ಫ್ಲೋಟಿಂಗ್ ಪಾಯಿಂಟ್ ವಿಧಾನವೂ ಅದರಲ್ಲಿತ್ತು. ಆಜ್ಞೆಗಳನ್ನು ಬಳಸಿ ಬಿಸಾಡಿದ 35 ಮಿಲಿಮೀಟರ್ ಸಿನಿಮಾ ಫಿಲ್ಮಿನಲ್ಲಿ ರಂಧ್ರಗಳ ರೂಪದಲ್ಲಿ ಕೊರೆಯಲಾಗುತ್ತಿತ್ತು. ವಿನ್ಯಾಸ ಸರಿಯಾಗಿತ್ತು, ಕೈಕೊಟ್ಟದ್ದು ತಗಡು. ಸಾವಿರಾರು ಕಡ್ಡಿಗಳಲ್ಲಿ ಒಂದು ಸಿಕ್ಕಿಕೊಂಡರೂ ಯಂತ್ರವೆಲ್ಲ ನಿಲ್ಲುತ್ತಿತ್ತು. ನಂಬಿ ಬಳಸಲು ಝೆಡ್-1 ಯೋಗ್ಯವಾಗಲೇ ಇಲ್ಲ.

ತಗಡಿನಿಂದ ರಿಲೇಗೆ

ಈ ಹಂತದಲ್ಲಿ ಹೊಸ ದಾರಿ ತೋರಿದವರು ಗೆಳೆಯ ಹೆಲ್ಮುಟ್ ಶ್ರೆಯರ್. ತಗಡಿನ ಬದಲು ರೇಡಿಯೋದಲ್ಲಿ ಬಳಸುವ ನಿರ್ವಾತ ನಳಿಕೆಗಳಿಂದ ಯಂತ್ರ ಕಟ್ಟಬಹುದೆಂದು ಅವರು ಸೂಚಿಸಿದರು. ಝೂಸೆ ಮೊದಲು ಅದನ್ನು ಹುಚ್ಚು ಕಲ್ಪನೆಯೆಂದೇ ಭಾವಿಸಿದರು. ಸಾವಿರಾರು ನಳಿಕೆಗಳನ್ನು ಹೊಂದಿಸುವ ಸಾಮರ್ಥ್ಯವೂ ಇಬ್ಬರಿಗಿರಲಿಲ್ಲ. ನಡುವಿನ ದಾರಿಯಾಗಿ ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಳಕೆಯಲ್ಲಿದ್ದ ರಿಲೇಗಳನ್ನು ಆರಿಸಿಕೊಂಡರು. ವಿದ್ಯುತ್ ಹರಿದಾಗ ಅಯಸ್ಕಾಂತದ ಸೆಳೆತಕ್ಕೆ ಮುಚ್ಚಿಕೊಳ್ಳುವ, ನಿಂತಾಗ ತೆರೆದುಕೊಳ್ಳುವ ಈ ಗುಂಡಿಯೂ ಸೊನ್ನೆ-ಒಂದರ ಭಾಷೆಯನ್ನೇ ಬಲ್ಲುದು. ತಗಡಿನ ಸ್ಮೃತಿಭಾಗವನ್ನು ಉಳಿಸಿಕೊಂಡು, ಲೆಕ್ಕದ ಭಾಗವನ್ನು ರಿಲೇಗಳಿಂದ ಕಟ್ಟಿದ ಝೆಡ್-2 ಯಂತ್ರವನ್ನು 1940ರಲ್ಲಿ ಜರ್ಮನ್ ವಿಮಾನಯಾನ ಸಂಶೋಧನಾ ಸಂಸ್ಥೆಯವರೆದುರು ಪ್ರದರ್ಶಿಸಲಾಯಿತು. ಅಂದು ಅದು ಕೈಕೊಡಲಿಲ್ಲ. ಮುಂದಿನ ಯಂತ್ರಕ್ಕೆ ಸಂಸ್ಥೆಯಿಂದ ಧನಸಹಾಯ ದೊರೆಯಿತು.

1941ರ ಮೇ 12ರಂದು ಬರ್ಲಿನ್ನಿನಲ್ಲಿ ಕೆಲವೇ ಮಂದಿಯ ಸಮ್ಮುಖದಲ್ಲಿ ಝೆಡ್-3 ಕೆಲಸ ಮಾಡಿ ತೋರಿಸಿತು. 2,000ಕ್ಕೂ ಹೆಚ್ಚು ರಿಲೇಗಳು. 22 ದ್ವಿಮಾನ ಅಂಕಿಗಳ 64 ಸಂಖ್ಯೆಗಳನ್ನು ಹಿಡಿದಿಡುವ ಸ್ಮೃತಿ. ಕೂಡಲು ಒಂದು ಸೆಕೆಂಡಿಗಿಂತ ತುಸು ಕಡಿಮೆ, ಗುಣಿಸಲು ಸುಮಾರು 3 ಸೆಕೆಂಡು. ಇಂದಿನ ಪ್ರೊಸೆಸರ್ ಸೆಕೆಂಡಿಗೆ ನೂರಾರು ಕೋಟಿ ಬಾರಿ ಮಿಡಿದರೆ, ಝೆಡ್-3 ಮಿಡಿಯುತ್ತಿದ್ದುದು ಐದಾರು ಬಾರಿ. ಆದರೂ ಆಜ್ಞೆಗಳ ಸರಣಿಯನ್ನು ಅನುಸರಿಸಿ ತಾನಾಗಿ ಲೆಕ್ಕ ಮಾಡಿದ, ಕಾರ್ಯಶೀಲವಾದ ಪ್ರಪ್ರಥಮ ಗಣಕವೆಂಬ ಹೆಗ್ಗಳಿಕೆ ಇಂದು ಅದಕ್ಕೇ ಸಂದಿದೆ. ಅಮೆರಿಕದ ಪ್ರಸಿದ್ಧ ಎನಿಯಾಕ್ ಲೋಕಕ್ಕೆ ಪರಿಚಯವಾದದ್ದು 1946ರಲ್ಲಿ.

ಯುದ್ಧದ ನೆರಳು

ಝೂಸೆ ಅವರ ಸಾಧನೆಯ ಮಗ್ಗುಲಲ್ಲೇ ಕಪ್ಪು ನೆರಳೂ ಇದೆ. 1939ರಲ್ಲಿ ಯುದ್ಧ ಆರಂಭವಾದಾಗ ಸೈನ್ಯಕ್ಕೆ ಕರೆ ಬಂತು. ಕೆಲ ತಿಂಗಳ ನಂತರ ಅಲ್ಲಿಂದ ಬಿಡುಗಡೆಗೊಂಡು ಪುನಃ ಹೆನ್ಷೆಲ್ ಕಾರ್ಖಾನೆ ಸೇರಿದರು. ಅಲ್ಲಿ ದೂರದಿಂದ ನಿಯಂತ್ರಿಸುವ ತೇಲುಬಾಂಬುಗಳು ತಯಾರಾಗುತ್ತಿದ್ದವು. ಅವುಗಳ ರೆಕ್ಕೆಗಳ ಲೋಪವನ್ನು ಅಳೆದು ತಿದ್ದುವ ಲೆಕ್ಕಕ್ಕಾಗಿ ಝೂಸೆ ಎಸ್-1, ಎಸ್-2 ಎಂಬ ವಿಶೇಷ ಯಂತ್ರಗಳನ್ನು ಕಟ್ಟಿಕೊಟ್ಟರು. ಅವರು ನಾಜಿ ಪಕ್ಷದ ಸದಸ್ಯರಾಗಿರಲಿಲ್ಲ. ಆದರೆ ನಾಜಿ ಸರ್ಕಾರದ ಯುದ್ಧಯಂತ್ರದ ಹಣ ಅವರ ಕೆಲಸಕ್ಕೆ ಹರಿದುಬಂತು. ಅವರ ಕೆಲಸ ಆ ಯುದ್ಧಕ್ಕೆ ನೆರವಾಯಿತು. ಈ ಕಾಲದ ವಿಜ್ಞಾನಿ ಸಂಶಯಾಸ್ಪದ ಶಕ್ತಿಗಳೊಡನೆ ಒಪ್ಪಂದ ಮಾಡಿಕೊಳ್ಳಬೇಕು, ಇಲ್ಲವೇ ತನ್ನ ಕೆಲಸವನ್ನೇ ಬಿಡಬೇಕು ಎಂಬರ್ಥದ ಮಾತನ್ನು ವೃದ್ಧಾಪ್ಯದಲ್ಲಿ ಅವರು ಹೇಳಿದ್ದುಂಟು. ಅದು ವಿವರಣೆಯೇ ಹೊರತು ಪೂರ್ಣ ಸಮಾಧಾನವಲ್ಲ. ಅವರ ಬದುಕನ್ನು ಅಭ್ಯಸಿಸುವವರು ಈ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ.

ಆ ಯುದ್ಧವೇ ಅವರ ಯಂತ್ರಗಳನ್ನೂ ನುಂಗಿತು. 1943ರ ಡಿಸೆಂಬರ್ 21ರ ಬಾಂಬ್ ದಾಳಿಯಲ್ಲಿ ಝೆಡ್-3 ನಾಶವಾಯಿತು. ಝೆಡ್-1 ಹಾಗೂ ಅದರ ನಕ್ಷೆಗಳೂ ದಾಳಿಗೆ ಆಹುತಿಯಾದವು. ಉಳಿದದ್ದು ನಿರ್ಮಾಣ ಹಂತದಲ್ಲಿದ್ದ ಝೆಡ್-4 ಮಾತ್ರ. ಬರ್ಲಿನ್ ಪತನದ ಅಂಚಿನಲ್ಲಿದ್ದ 1945ರಲ್ಲಿ, ಅದೇ ಜನವರಿಯಲ್ಲಿ ಕೈಹಿಡಿದ ಪತ್ನಿ ಗಿಸೆಲಾ ಅವರೊಡನೆ, ಬಿಚ್ಚಿದ ಯಂತ್ರವನ್ನು ಸಾಗಿಸಿಕೊಂಡು ಝೂಸೆ ಗ್ಯೋಟಿಂಗೆನ್ ನಗರಕ್ಕೆ, ಅಲ್ಲಿಂದ ಆಲ್ಪ್ಸ್ ತಪ್ಪಲಿನ ಹಿಂಟರ್‌ಸ್ಟೈನ್ ಎಂಬ ಹಳ್ಳಿಗೆ ತಲುಪಿದರು. ಅದರ ಅಂದಿನ ಹೆಸರು ವಿ-4. ಲಂಡನ್ನಿನ ಮೇಲೆ ಎರಗಿದ ವಿ-1, ವಿ-2 ಅಸ್ತ್ರಗಳ ಸಾಲಿನದೇ ಇದೆಂಬ ಭ್ರಮೆ ಹುಟ್ಟಿಸಿದ ಆ ಹೆಸರೇ ಸಾಗಣೆಗೆ ನೆರವಾಯಿತೆಂದು ಹೇಳುತ್ತಾರೆ. ಯುದ್ಧಾನಂತರ ವಿ ಅಕ್ಷರ ಹೋಗಿ, ಎಲ್ಲ ಯಂತ್ರಗಳಿಗೂ ಅವರ ಮನೆತನದ ಹೆಸರಿನ ಮೊದಲಕ್ಷರವಾದ ಝೆಡ್ ಬಂತು.

ಹಳ್ಳಿಯಲ್ಲಿ ವಿದ್ಯುತ್ತಿಗೂ ಬಿಡಿಭಾಗಕ್ಕೂ ಅಭಾವ. ಯಂತ್ರ ಕಟ್ಟಲಾಗದ ಆ ದಿನಗಳಲ್ಲಿ ಝೂಸೆ ಗಣಕಕ್ಕೆ ಆಜ್ಞೆ ನೀಡುವ ಭಾಷೆಯನ್ನು ಕಾಗದದ ಮೇಲೆ ರೂಪಿಸಿದರು. ಪ್ಲಾನ್‌ಕಾಲ್ಕ್ಯೂಲ್ ಎಂಬ ಆ ಭಾಷೆಯಲ್ಲಿ ಚದುರಂಗದ ನಿಯಮಗಳನ್ನೂ ಬರೆದು ನೋಡಿದರು. ಮೇಲ್ಮಟ್ಟದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದು ಮೊಟ್ಟಮೊದಲನೆಯದು. ಅದು ಸಮಗ್ರವಾಗಿ ಪ್ರಕಟವಾದದ್ದು 1972ರಲ್ಲಿ! ಅಷ್ಟು ಹೊತ್ತಿಗೆ ಜಗತ್ತು ಫೋರ್ಟ್ರಾನ್, ಕೋಬಾಲ್‌ಗಳ ದಾರಿಯಲ್ಲಿ ಬಹುದೂರ ಸಾಗಿತ್ತು.

ಉದ್ಯಮಿಯಾಗಿ ಏಳು-ಬೀಳು

1949ರಲ್ಲಿ ಸ್ವಿಟ್ಜರ್ಲೆಂಡಿನ ಝೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಗಣಿತಜ್ಞ ಎಡ್ವರ್ಡ್ ಸ್ಟೀಫೆಲ್ ಹಳ್ಳಿಗೇ ಬಂದು ಝೆಡ್-4 ಯಂತ್ರವನ್ನು ಪರೀಕ್ಷಿಸಿದರು. ಅವರು ಕೊಟ್ಟ ಸಮೀಕರಣವನ್ನು ಅದು ಬಿಡಿಸಿತು. 1950ರಲ್ಲಿ ಯಂತ್ರ ಬಾಡಿಗೆಯ ಮೇಲೆ ಝೂರಿಕ್ ಸೇರಿ, ಅಣೆಕಟ್ಟು, ವಿಮಾನಗಳ ಲೆಕ್ಕಗಳನ್ನು ಐದು ವರ್ಷ ಮಾಡಿಕೊಟ್ಟಿತು. ಅದರ ಸ್ಮೃತಿಭಾಗದಲ್ಲಿದ್ದುದು ಪಡಸಾಲೆಯಲ್ಲಿ ಹುಟ್ಟಿದ ಅದೇ ತಗಡಿನ ತಂತ್ರ! ಮೊದಲ ಯಂತ್ರವನ್ನು ಸೋಲಿಸಿದ ತಗಡು ಇಲ್ಲಿ ಗೆದ್ದಿತು.

1949ರಲ್ಲೇ ಸ್ಥಾಪಿಸಿದ ಝೂಸೆ ಕಂಪನಿ ಬೆಳೆಯಿತು. ದೃಗ್ವಿಜ್ಞಾನ ಉದ್ಯಮಕ್ಕೂ ಭೂಮಾಪನ ಇಲಾಖೆಗಳಿಗೂ ಝೆಡ್-11, ನಿರ್ವಾತ ನಳಿಕೆಗಳ ಝೆಡ್-22, ಟ್ರಾನ್ಸಿಸ್ಟರಿನ ಝೆಡ್-23, ನಕ್ಷೆ ಬರೆಯುವ ಗ್ರಾಫೋಮ್ಯಾಟ್ ಹೀಗೆ ಒಟ್ಟು 250ರಷ್ಟು ಯಂತ್ರಗಳು ಹೊರಬಂದವು. ಆದರೆ ಹೊಸ ವಿನ್ಯಾಸಗಳಿಗೆ ಬೇಕಾದ ಬಂಡವಾಳ ಒದಗಿಸಲು ಸಣ್ಣ ಸಂಸ್ಥೆಯಿಂದ ಆಗಲಿಲ್ಲ. 1964ರಲ್ಲಿ ಒಡೆತನ ಕೈತಪ್ಪಿತು. 1967ರಲ್ಲಿ ಸಂಸ್ಥೆ ಸೀಮೆನ್ಸ್ ಪಾಲಾಯಿತು. ಅದೇ 1967ರಲ್ಲಿ ಮತ್ತೊಂದು ಪೆಟ್ಟು ಬಿತ್ತು. ಝೆಡ್-3 ಯಂತ್ರಕ್ಕಾಗಿ 1941ರಲ್ಲಿ ಸಲ್ಲಿಸಿದ್ದ ಪೇಟೆಂಟ್ ಅರ್ಜಿಯನ್ನು, ದಶಕಗಳ ವ್ಯಾಜ್ಯದ ತರುವಾಯ, ಸಾಕಷ್ಟು ಆವಿಷ್ಕಾರದ ಮಟ್ಟವಿಲ್ಲವೆಂಬ ಕಾರಣ ನೀಡಿ ಜರ್ಮನ್ ನ್ಯಾಯಾಲಯ ತಳ್ಳಿಹಾಕಿತು.

ಮತ್ತೆ ಮೊದಲ ಯಂತ್ರ

ಸೋಲಿನಿಂದ ಝೂಸೆ ಕಂಗೆಡಲಿಲ್ಲ. ಇಡೀ ವಿಶ್ವವೇ ಒಂದು ಮಹಾಗಣಕದಂತೆ ನಡೆಯುತ್ತಿರಬಹುದೇ ಎಂಬ ವಿಚಾರವನ್ನು 1969ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬಾಲ್ಯದ ಕುಂಚವನ್ನು ಪುನಃ ಕೈಗೆತ್ತಿಕೊಂಡು ನೂರಾರು ಚಿತ್ರ ಬರೆದರು. 1995ರಲ್ಲಿ ಮೈಕ್ರೋಸಾಫ್ಟ್ ಸ್ಥಾಪಕ ಬಿಲ್ ಗೇಟ್ಸ್ ಅವರಿಗೆ ತಾವೇ ಬರೆದ ಅವರ ಭಾವಚಿತ್ರವನ್ನು ಕಾಣಿಕೆಯಾಗಿ ಕೊಟ್ಟರು.

ಎಲ್ಲಕ್ಕಿಂತ ಮಿಗಿಲಾದದ್ದು 1980ರ ದಶಕದ ಉತ್ತರಾರ್ಧದ ಸಾಹಸ. ನಕ್ಷೆಗಳೂ ಉಳಿಯದ ಝೆಡ್-1 ಯಂತ್ರವನ್ನು ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ ನೆನಪಿನಿಂದ ಪುನಃ ಚಿತ್ರಿಸಿ, 1989ರ ವೇಳೆಗೆ ಅವರು ಮರಳಿ ಕಟ್ಟಿದರು. ಬರ್ಲಿನ್ನಿನ ತಂತ್ರಜ್ಞಾನ ವಸ್ತುಸಂಗ್ರಹಾಲಯದಲ್ಲಿ ಆ ಯಂತ್ರವಿದೆ. ಝೆಡ್-4 ಮತ್ತು ಝೆಡ್-3ರ ಪ್ರತಿರೂಪ ಮ್ಯೂನಿಕ್ಕಿನ ವಸ್ತುಸಂಗ್ರಹಾಲಯವನ್ನು ಸೇರಿವೆ. 1995ರ ಡಿಸೆಂಬರ್ 18ರಂದು ಹ್ಯೂನ್‌ಫೆಲ್ಡ್ ಪಟ್ಟಣದಲ್ಲಿ ಝೂಸೆ ನಿಧನರಾದರು. ಬರ್ಲಿನ್ನಿನ ಗಣಕ ಸಂಶೋಧನಾ ಸಂಸ್ಥೆಯೊಂದು ಇಂದು ಅವರ ಹೆಸರನ್ನು ಹೊತ್ತಿದೆ.

ಅಂಗಡಿಯಿಂದ ತಂದ ಪ್ರೊಸೆಸರನ್ನು ಮದರ್‌ಬೋರ್ಡಿನಲ್ಲಿ ಕೂರಿಸಿ ಮೊದಲ ಬಾರಿಗೆ ಗುಂಡಿ ಒತ್ತುವ ಹುಡುಗ-ಹುಡುಗಿಯರ ಆತಂಕ ಚಿಕ್ಕದೇನಲ್ಲ. ಯಂತ್ರ ಎಚ್ಚರಗೊಳ್ಳದಿದ್ದರೆ ಪ್ರತಿಯೊಂದು ಜೋಡಣೆಯನ್ನೂ ಬಿಚ್ಚಿ ನೋಡಬೇಕಾಗುತ್ತದೆ. ಸಾವಿರಾರು ತಗಡುಗಳ ನಡುವೆ ಸಿಕ್ಕಿಕೊಂಡ ಒಂದು ಕಡ್ಡಿಯನ್ನು ಹುಡುಕುತ್ತ ಝೂಸೆ ಕಳೆದ ರಾತ್ರಿಗಳೂ ಅಂಥವೇ. ಕೆಟ್ಟು ನಿಂತ ಆ ಮೊದಲ ಯಂತ್ರದಿಂದ ಕಲಿತ ಪಾಠವೇ ಮುಂದಿನ ಮೂರು ಯಂತ್ರಗಳಿಗೆ ಅಡಿಪಾಯವಾಯಿತು.